ಎತ್ತಿಗಿದ್ದ ಸೋಮವಾರ ರೈತನಿಗೆ ಏಕಿಲ್ಲ?

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಮಳೆ ನಂಬಿ ಬೇಸಾಯ ಮಾಡುವವರಲ್ಲಿ ಅಂಥ ಪುಣ್ಯವಂತ ಯಾವ ಊರಲ್ಲಿದ್ದಾನೋ ಕಾಣೆ. ಬಿತ್ತುವ ಮುಂಚೆ ಮಳೆಯ ಚಿಂತೆ. ಮಳೆ ಬಂದರೆ ಬೀಜ, ಗೊಬ್ಬರದ ದುಡ್ಡಿನ ಚಿಂತೆ. ಪೈರು ಎದ್ದರೆ ಹಂದಿಯ ಚಿಂತೆ, ಹೆಡಿಯಾಲದ ಕಡೆ ಕಾಡಂಚಿನವರಿಗೆ ಆನೆಯ ಚಿಂತೆ. ಇಷ್ಟೆಲ್ಲ ದಾಟಿ ಕಣದಿಂದ ಮನೆಗೆ ತಂದರೆ ರೇಟಿನ ಚಿಂತೆ. ನಡುವೆ ಮಗಳ ಮದುವೆ, ಮಗನ ಫೀಸು, ಸೊಸೈಟಿ ಸಾಲ, ಸಂಘದ ಕಂತು.

ಬೆಳೆಗೆ ಬರುವ ರೋಗದ ಬಗ್ಗೆ ರೈತರು ಬೇಕಾದಷ್ಟು ಬರೆದಿದ್ದೇವೆ, ಓದಿದ್ದೇವೆ. ಬೆಳೆಯುವವನ ತಲೆಗೆ ಹತ್ತುವ ಈ ಗೆದ್ದಲಿನ ಬಗ್ಗೆ ಬರೆದದ್ದು ಕಡಿಮೆ. ಗೆದ್ದಲು ಹೊರಗಿಂದ ಕಾಣುವುದಿಲ್ಲ. ಮರ ನೋಡಲು ಗಟ್ಟಿಯಾಗೇ ಇರುತ್ತದೆ, ಒಂದು ಗಾಳಿಗೆ ಮುರಿದು ಬೀಳುತ್ತದೆ. 2015ರ ಬರದಲ್ಲಿ ನಮ್ಮ ರಾಜ್ಯದಲ್ಲಿ ಒಂದೇ ವರ್ಷ ಸಾವಿರಕ್ಕೂ ಹೆಚ್ಚು ರೈತರು ತಾವಾಗಿ ಜೀವ ಕಳೆದುಕೊಂಡರು. 2023ರಲ್ಲಿ ಮತ್ತೆ ಬರ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ಹೀಗಿರುವಾಗ ಚಿಂತೆಯನ್ನು ಹೇಗೆ ಇಳಿಸುವುದು ಎಂಬುದು ಕೂಡ ಬೇಸಾಯದ ವಿಷಯವೇ.

'ಬುಡಪ್ಪ, ಯಾಕ್ ಅಷ್ಟೊಂದು ಯೋಚ್ನೆ ಮಾಡ್ತೀಯೆ' ಎಂದು ಹೇಳುವವರು ಊರ ತುಂಬ ಇದ್ದಾರೆ. ಹೇಳಿದ ಮಾತ್ರಕ್ಕೆ ಚಿಂತೆ ಹೋಗುವುದಾಗಿದ್ದರೆ ಯಾರೂ ಕೊರಗಬೇಕಿರಲಿಲ್ಲ. ಹಿಂದಿನವರಿಗೆ ಇದು ಗೊತ್ತಿತ್ತು. ತಲೆಹೊರೆ ಹೊತ್ತು ಸಂತೆಗೆ ನಡೆಯುವ ಕಾಲದಲ್ಲಿ ದಾರಿ ಪಕ್ಕ ಎರಡು ಕಲ್ಲು ನಿಲ್ಲಿಸಿ, ಮೇಲೊಂದು ಚಪ್ಪಡಿ ಹಾಕಿ ಹೊರೆಗಲ್ಲು ಮಾಡುತ್ತಿದ್ದರು. ಇನ್ನೊಬ್ಬರ ಸಹಾಯ ಇಲ್ಲದೆ ಹೊರೆಯನ್ನು ಅದರ ಮೇಲೆ ಇಳಿಸಿ, ಕತ್ತು ನೀವಿಕೊಂಡು, ನೀರು ಕುಡಿದು ಮತ್ತೆ ಹೊತ್ತುಕೊಂಡು ಹೋಗುವುದು. ಹೊರೆಯನ್ನು ಬಿಸಾಕಿ ಹೋಗು ಎಂದು ಯಾರೂ ಹೇಳಲಿಲ್ಲ. ಇಳಿಸಲು ಒಂದು ಜಾಗ ಮಾಡಿಕೊಟ್ಟರು. ಚಿಂತೆಗೂ ಅಂಥ ಜಾಗ ಬೇಕು.

ನೊಗ ಇಳಿಸುವ ದಿನ

ನಮ್ಮ ಕಡೆ ಸೋಮವಾರ ಬಸವಣ್ಣನ ದಿನ. ಅವತ್ತು ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಭರಣಿ ಮಳೆ ಹದವಾಗಿ ಬಿದ್ದು, ಪಕ್ಕದ ಹೊಲದವನು ಭಾನುವಾರವೇ ಉತ್ತು ಮುಗಿಸಿದ್ದರೂ ಸರಿ, ಸೋಮವಾರ ಆರು ಕಟ್ಟಿದರೆ ಊರವರು ಕೇಳುತ್ತಿದ್ದರು. ದಂಡ ಹಾಕಿದ ಊರುಗಳೂ ಉಂಟು. ಎತ್ತುಗಳಿಗೆ ಮೈ ತೊಳೆದು, ಒಂದು ಹಿಡಿ ಹುರುಳಿ ಹೆಚ್ಚಿಗೆ ಬೇಯಿಸಿ ಹಾಕಿ, ನೆರಳಲ್ಲಿ ಕಟ್ಟುತ್ತಿದ್ದರು.

ಇದರಲ್ಲಿ ಒಂದು ಒಳಗುಟ್ಟಿದೆ. ಎತ್ತಿಗೆ ರಜ ಕೊಟ್ಟರೆ ಆಳಿಗೂ ರಜ ಸಿಕ್ಕ ಹಾಗೆ. ಎತ್ತಿಲ್ಲದೆ ಹೊಲದಲ್ಲಿ ದೊಡ್ಡ ಕೆಲಸ ಏನೂ ಸಾಗದು. ಆವತ್ತು ಕುಳ ಹದ ಮಾಡಿಸಲು ಕುಲುಮೆಗೆ ಹೋಗುವುದು, ಹಗ್ಗ ಹೊಸೆಯುವುದು, ನೆಂಟರನ್ನು ನೋಡಿ ಬರುವುದು, ಅರಳಿಕಟ್ಟೆ ಮೇಲೆ ಕುಂತು ಮಾತಾಡುವುದು. ಹತ್ತಿರದವರು ನಂಜನಗೂಡಿಗೆ ನಡೆದೇ ಹೋಗಿ, ಕಪಿಲೆಯಲ್ಲಿ ಮುಳುಗಿ, ನಂಜುಂಡೇಶ್ವರನಿಗೆ ಕೈಮುಗಿದು ಸಂಜೆಗೆ ವಾಪಸಾಗುವುದು. ಸೋಮವಾರ ಶಿವನ ವಾರ ಆದ್ದರಿಂದ ಎರಡೂ ಕೂಡಿ ಬಂತು. ಕಾರ್ತಿಕ ಸೋಮವಾರಗಳಲ್ಲಿ ಈಗಲೂ ಆ ಗುಡಿಯ ಮುಂದೆ ಕಾಲಿಡಲು ಜಾಗ ಇರುವುದಿಲ್ಲ.

ಈಗ ಬಹುಪಾಲು ಅಟ್ಟಿಗಳಲ್ಲಿ ಎತ್ತಿಲ್ಲ. ಟ್ರ್ಯಾಕ್ಟರಿಗೆ ಸೋಮವಾರ ಇಲ್ಲ. ಬಾಡಿಗೆ ಗಾಡಿ ಯಾವ ದಿನ ಸಿಕ್ಕುತ್ತದೋ ಅವತ್ತೇ ಉಳುಮೆ, ರಾತ್ರಿ ಹತ್ತಕ್ಕಾದರೂ ಸರಿ. ಟ್ರ್ಯಾಕ್ಟರು ಬೇಡ ಎಂದು ನಾನು ಹೇಳುತ್ತಿಲ್ಲ. ಎತ್ತಿನ ಜೊತೆಗೆ ರೈತನ ರಜವೂ ಮಾರಿಹೋಯಿತು, ಅದಕ್ಕೆ ಯಾರೂ ಲೆಕ್ಕ ಹಾಕಲಿಲ್ಲ ಎಂಬುದಷ್ಟೇ ಮಾತು.

ಹಕೀಂ ನಂಜುಂಡ

ನಂಜನಗೂಡಿನ ದೇವರು ವಿಷ ಕುಡಿದವನು. ಸಮುದ್ರ ಕಡೆದಾಗ ಬಂದ ನಂಜನ್ನು ಉಂಡದ್ದರಿಂದ ನಂಜುಂಡ. ಹಾಲಾಹಲವನ್ನು ಹೊಟ್ಟೆಗೆ ಇಳಿಯಗೊಡಲಿಲ್ಲ, ಲೋಕದ ಮೇಲೂ ಉಗುಳಲಿಲ್ಲ, ಗಂಟಲಲ್ಲೇ ತಡೆದ ಎಂಬುದು ಪುರಾಣ. ಟಿಪ್ಪು ಸುಲ್ತಾನನ ಆನೆಗೆ ಹೋಗಿದ್ದ ಕಣ್ಣು ಈ ದೇವರಿಗೆ ಹರಕೆ ಕಟ್ಟಿದ ಮೇಲೆ ಬಂತು, ಅದಕ್ಕೇ ಸುಲ್ತಾನ ಪಚ್ಚೆ ಲಿಂಗ ಕೊಟ್ಟು 'ಹಕೀಂ ನಂಜುಂಡ' ಎಂದು ಕರೆದ ಎಂಬ ಕತೆ ಎಲ್ಲರ ಬಾಯಲ್ಲಿದೆ. ಹಕೀಂ ಎಂದರೆ ವೈದ್ಯ. ಮುಡಿ ಕೊಡುವುದು, ಉರುಳುಸೇವೆ, ತುಲಾಭಾರ ಎಂದು ಜನ ಬರುವುದು ಅದಕ್ಕೇ.

ಮನೆಯಲ್ಲಿ ಯಾರಿಗೂ ಹೇಳದ ಮಾತನ್ನು ದೇವರ ಮುಂದೆ ಹೇಳಿಕೊಂಡು ಅತ್ತು ಬರುವ ಗಂಡಸರನ್ನು ಅಲ್ಲಿ ಯಾವ ಸೋಮವಾರವಾದರೂ ನೋಡಬಹುದು. ಅಲ್ಲಿ ಅತ್ತರೆ ಯಾರೂ ನಗುವುದಿಲ್ಲ. ದೇವರನ್ನು ನಂಬದವರು ಕೂಡ ಒಂದು ಮಾತು ಒಪ್ಪುತ್ತಾರೆ: ನಾಲ್ಕು ಮೈಲಿ ನಡೆದು, ತಣ್ಣೀರಲ್ಲಿ ಮುಳುಗಿ, ನೂರಾರು ಜನರ ನಡುವೆ ಅರ್ಧ ದಿನ ಇದ್ದು ಬಂದವನಿಗೆ ಆ ರಾತ್ರಿ ನಿದ್ದೆ ಬರುತ್ತದೆ. ಫಾಲ್ಗುಣದಲ್ಲಿ ನಂಜನಗೂಡಿನ ಐದು ತೇರಿನ ದೊಡ್ಡ ಜಾತ್ರೆ, ಚಳಿಗಾಲದಲ್ಲಿ ಸುತ್ತೂರು ಜಾತ್ರೆ, ತಿ. ನರಸೀಪುರದ ಕಡೆ ಮುಡುಕುತೊರೆ ಜಾತ್ರೆ, 1989ರಿಂದ 3 ವರ್ಷಕ್ಕೊಮ್ಮೆ ನಡೆದು ಬಂದಿರುವ ತಿರುಮಕೂಡಲಿನ ಕುಂಭಮೇಳ, ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆ, ನೀಲಗಾರರು ಇಡೀ ರಾತ್ರಿ ಹಾಡುವ ಮಂಟೇಸ್ವಾಮಿ ಕತೆ, ಇವೆಲ್ಲ ನಮ್ಮ ಸೀಮೆಯ ಹೊರೆಗಲ್ಲುಗಳೇ. ಖರ್ಚು ಮಾಡಿ ಹೋಗಬೇಕೆಂದಿಲ್ಲ. ಸಾಲ ಮಾಡಿ ಜಾತ್ರೆ ಮಾಡಿದರೆ ಹೊರೆ ಇಳಿಯುವುದರ ಬದಲು ಹೆಚ್ಚುತ್ತದೆ.

ಎರಡು ಕುಕ್ಕೆ

ಸೋಮವಾರ ಸುಮ್ಮನೆ ಕುಂತರೆ ಚಿಂತೆಯೂ ಪಕ್ಕದಲ್ಲೇ ಬಂದು ಕೂರುತ್ತದೆ. ಅದಕ್ಕೊಂದು ಉಪಾಯ ಇದೆ. ತಲೆಯಲ್ಲಿರುವುದನ್ನೆಲ್ಲ ಒಂದು ಹಾಳೆ ಮೇಲೆ ಬರೆಯಿರಿ, ಅಕ್ಷರ ಬಾರದವರು ಮಗನ ಕೈಲೋ ಮೊಮ್ಮಗಳ ಕೈಲೋ ಬರೆಸಿ. ಆಮೇಲೆ ಕಾಳು, ಜೊಳ್ಳು ಬೇರೆ ಮಾಡುವ ಹಾಗೆ ಎರಡು ಕುಕ್ಕೆಗೆ ಹಾಕಿ. ಕೈಗೆ ಎಟುಕುವುದು ಒಂದರಲ್ಲಿ, ಎಟುಕದ್ದು ಇನ್ನೊಂದರಲ್ಲಿ.

ಮಳೆ ಎಟುಕದ ಕುಕ್ಕೆಗೆ ಹೋಗಬೇಕು. ನಮ್ಮ ತಾಲ್ಲೂಕುಗಳು ದಕ್ಷಿಣ ಒಣವಲಯಕ್ಕೆ ಸೇರಿದವು. ವರ್ಷಕ್ಕೆ ಬೀಳುವುದು 700-800 ಮಿ.ಮೀ. ಆಸುಪಾಸು, ಅದೂ ಬಂದರೆ ಒಂದೇ ವಾರ ಸುರಿದು ತಿಂಗಳು ಕಾಣೆಯಾಗುತ್ತದೆ. ನಾವು ರಾತ್ರಿ ಎದ್ದು ಕುಂತರೂ ಮೋಡ ಬರುವುದಿಲ್ಲ. ಈಗಂತೂ ಗಂಟೆಗೊಮ್ಮೆ ಮೊಬೈಲಿನಲ್ಲಿ ಮಳೆ ನೋಡುವ ಚಟ ಬೇರೆ. ಹವಾಮಾನ ಇಲಾಖೆಯ ಕೃಷಿ ಸಲಹೆ ವಾರದಲ್ಲಿ 2 ದಿನ, ಮಂಗಳವಾರ ಮತ್ತು ಶುಕ್ರವಾರ ಹೊರಡುತ್ತದೆ. ಆ 2 ದಿನ ನೋಡಿ ಕೆಲಸ ಗೊತ್ತು ಮಾಡಿಕೊಂಡರೆ ಸಾಕು.

ಆದರೆ ಮಳೆ ಕೈಕೊಟ್ಟರೆ ಏನು ಮಾಡುವುದು ಎಂಬುದು ಎಟುಕುವ ಕುಕ್ಕೆಯದು. ನಮ್ಮ ಹಿರಿಯರು ಅದಕ್ಕೇ ಅಕ್ಕಡಿ ಹಾಕುತ್ತಿದ್ದದ್ದು. ರಾಗಿ ನಡುವೆ ಅವರೆ, ಜೋಳ, ತೊಗರಿ, ಸಾಸಿವೆ, ಹುಚ್ಚೆಳ್ಳು. ಭರಣಿ, ಕೃತ್ತಿಕೆಗೆ ಮುಂಗಾರು ಜೋಳದ ಜೊತೆ ಅಲಸಂದೆ, ಹೆಸರು. ಅದು ಹೋದರೆ ಹುಬ್ಬೆ ಮಳೆಗೆ ಹುರುಳಿ. ಒಂದು ಕೈಬಿಟ್ಟರೆ ಇನ್ನೊಂದು ಕೈ ಹಿಡಿಯುತ್ತದೆ. ಇಡೀ ಹೊಲಕ್ಕೆ ಒಂದೇ ಬೆಳೆ ಹಾಕಿದವನು ಇಡೀ ಚಿಂತೆಯನ್ನು ಒಂದೇ ಗೂಟಕ್ಕೆ ಕಟ್ಟಿದ ಹಾಗೆ. ಅಕ್ಕಡಿ ಸಾಲಿನ ಸೊಪ್ಪು, ಕಾಳು ಮಾರುಕಟ್ಟೆಗೆ ಹೋಗದಿದ್ದರೂ ಮನೆಯ ಸಾರಿಗೆ ಬರುತ್ತದೆ. ಒಲೆ ಮೇಲೆ ಸಾರು ಕುದಿಯುವ ಮನೆಯಲ್ಲಿ ಚಿಂತೆಯ ಬಿಸಿ ಕಡಿಮೆ.

ಬೆಳೆ ವಿಮೆಯೂ ಇದೇ ಕುಕ್ಕೆಗೆ ಸೇರಿದ್ದು. 2016ರಿಂದ ಇರುವ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆ, ಎಣ್ಣೆಕಾಳಿಗೆ ರೈತ ಕಟ್ಟಬೇಕಾದ್ದು ವಿಮಾ ಮೊತ್ತದ ನೂರಕ್ಕೆ 2 ರೂಪಾಯಿ. ಹಿಂಗಾರಿಗೆ ಒಂದೂವರೆ, ಹತ್ತಿಯಂಥ ವಾಣಿಜ್ಯ ಬೆಳೆಗೆ 5. ಪರಿಹಾರ ಬಂದೇ ಬರುತ್ತದೆ, ಕೂಡಲೇ ಬರುತ್ತದೆ ಎಂದು ಯಾರೂ ಎದೆ ತಟ್ಟಿ ಹೇಳಲಾರರು. ಆದರೂ ಕಟ್ಟಿ, ಚೀಟಿ ಇಸ್ಕೊಂಡು, ಪೆಟ್ಟಿಗೆಯಲ್ಲಿಟ್ಟರೆ ಒಂದು ಕೆಲಸ ಮುಗಿಯಿತು. ಕಡೇ ದಿನ ಯಾವುದು ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಮುಂಚೆಯೇ ಕೇಳಿಟ್ಟುಕೊಳ್ಳಿ. ಬೆಳೆ, ರೋಗ, ಬಿತ್ತನೆ ವಿಷಯಕ್ಕೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕನ್ನಡದಲ್ಲೇ ಕೇಳಬಹುದು, ಕಾಸಿಲ್ಲ.

ಹೀಗೆ ಬೇರೆ ಮಾಡಿದ ಮೇಲೆ ಎಟುಕುವ ಕುಕ್ಕೆಯಿಂದ ವಾರಕ್ಕೆ ಒಂದೇ ಒಂದನ್ನು ಎತ್ತಿಕೊಂಡು ಮುಗಿಸಿ. ಬದು ಕಟ್ಟುವುದೋ, ಪಹಣಿ ತಿದ್ದಿಸುವುದೋ, ಯಾರದೋ ಬಾಕಿ ಕೇಳುವುದೋ. ನಮ್ಮ ಕಡೆಯ ಒಬ್ಬರು ಗೋಡೆಯ ಕ್ಯಾಲೆಂಡರಿನಲ್ಲಿ ಮುಗಿದ ಕೆಲಸಕ್ಕೆ ಗೀಟು ಹಾಕುತ್ತಾರೆ. 'ಗೀಟು ನೋಡಿದ್ರೆ ಒಸಿ ಧೈರ್ಯ ಬತ್ತದೆ ಕಣಣ್ಣ' ಎನ್ನುತ್ತಾರೆ. ಎಟುಕದ ಕುಕ್ಕೆಯನ್ನು ಅಟ್ಟದ ಮೇಲಿಡಿ.

ಸಾಲವನ್ನು ಮುಚ್ಚಿಡಬೇಡಿ

ಎಲ್ಲ ಚಿಂತೆಗಿಂತ ಕೆಟ್ಟದ್ದು ಮುಚ್ಚಿಟ್ಟ ಸಾಲ. ಹೆಂಡತಿಗೆ ಗೊತ್ತಿಲ್ಲದೆ ಗಂಡ, ಗಂಡನಿಗೆ ಗೊತ್ತಿಲ್ಲದೆ ಹೆಂಡತಿ, ಇಬ್ಬರಿಗೂ ಗೊತ್ತಿಲ್ಲದೆ ಮಗ ಮಾಡಿದ ಸಾಲಗಳು ಒಂದೇ ಸೂರಿನ ಕೆಳಗಿರುತ್ತವೆ. 2025ರ ಜನವರಿಯಲ್ಲಿ ನಮ್ಮ ನಂಜನಗೂಡು ಮತ್ತು ಪಕ್ಕದ ಚಾಮರಾಜನಗರದ ಕಡೆ ಮೈಕ್ರೋಫೈನಾನ್ಸ್ ಕಂತು ಕಟ್ಟಲಾರದೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಪೇಪರಿನಲ್ಲಿ ಬಂತು. ವಾರದ ಕಂತು ಕಟ್ಟಲು ಇನ್ನೊಂದು ಕಡೆ ಸಾಲ, ಅದಕ್ಕೆ ಮತ್ತೊಂದು. ಆಮೇಲೆ ರಾಜ್ಯ ಸರ್ಕಾರ ಅದೇ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು, ಮುಂದೆ ಅದನ್ನು ಕಾನೂನನ್ನೇ ಮಾಡಿತು. ಸಾಲ ವಸೂಲಿಗೆ ಬಂದವರು ಬೆದರಿಸುವುದು, ಹಿಂದೆ ಬೀಳುವುದು, ಮನೆ ಮುಂದೆ ಕುಂತು ಮಾನ ಕಳೆಯುವುದು ಅಪರಾಧ. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಉಂಟು. ದೂರು ಕೊಟ್ಟರೆ ಪೊಲೀಸರು ಬರೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. ಸಾಲ ತೀರಿಸುವುದು ನಮ್ಮ ಹೊಣೆಯೇ. ಬೈಗುಳ ತಿನ್ನುವುದು ನಮ್ಮ ಹೊಣೆಯಲ್ಲ.

1980ರಲ್ಲಿ ಹುಟ್ಟಿದ ರೈತಸಂಘ ಏನು ಮಾಡಿತು ಎಂಬುದನ್ನು ಹಿರಿಯರು ನೆನೆಸಿಕೊಳ್ಳಿ. ಅಲ್ಲಿಯವರೆಗೆ ಮನೆ ಸಾಮಾನು ಜಪ್ತಿಯಾದರೆ ಆ ಮನೆಯವನು ತಲೆ ಎತ್ತಿ ಓಡಾಡುತ್ತಿರಲಿಲ್ಲ. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮೊದಲಾದವರು ಹಸಿರು ಟವೆಲ್ ಹೊದ್ದು ಊರೂರು ತಿರುಗಿ, ಸಾಲ ರೈತನ ತಪ್ಪಲ್ಲ, ಬೆಲೆ ಸಿಕ್ಕದ್ದರ ಫಲ ಎಂದು ತಿಳಿಹೇಳಿದರು. ಅನುಮತಿ ಇಲ್ಲದೆ ವಸೂಲಿಗೆ ಬರುವಂತಿಲ್ಲ ಎಂದು ಊರ ಬಾಗಿಲಲ್ಲಿ ಬೋರ್ಡು ಎದ್ದವು. ಆ ಚಳವಳಿಯ ಎಲ್ಲ ಮಾತನ್ನೂ ಎಲ್ಲರೂ ಒಪ್ಪಲಿಕ್ಕಿಲ್ಲ. ಆದರೆ ಒಬ್ಬೊಬ್ಬನ ಎದೆಯೊಳಗಿದ್ದ ಗುಟ್ಟನ್ನು ತಂದು ಕಟ್ಟೆಯ ಮೇಲಿಟ್ಟದ್ದು ದೊಡ್ಡ ಉಪಕಾರ. ಹತ್ತು ಜನ 'ನಂದೂ ಅಷ್ಟೇ ಕಣಪ್ಪ' ಎಂದರೆ ನಾಚಿಕೆ ಅರ್ಧ ಕರಗುತ್ತದೆ.

ಮನೆಯಲ್ಲಿ ಒಂದು ರಾತ್ರಿ ಊಟ ಆದ ಮೇಲೆ ಎಲ್ಲರೂ ಕುಂತು ಸಾಲದ ಪಟ್ಟಿ ಮಾಡಿ. ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಯಾವತ್ತಿಗೆ ಕಟ್ಟಬೇಕು. ಬಡ್ಡಿ ಹೆಚ್ಚಿರುವುದು ಮೇಲೆ ಬರಲಿ, ಮೊದಲು ತೀರಬೇಕಾದ್ದು ಅದು. ಪ್ರಾಥಮಿಕ ಸೊಸೈಟಿಗಳಲ್ಲಿ ವಾಯಿದೆಯೊಳಗೆ ಕಟ್ಟುವವರಿಗೆ ಬಡ್ಡಿಯಿಲ್ಲದ ಬೆಳೆ ಸಾಲದ ಮಿತಿಯನ್ನು 2023-24ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಕೈಗೆ ಬರುವುದು ಅಷ್ಟಿರಲಿಕ್ಕಿಲ್ಲ. ಬಂದಷ್ಟಾದರೂ ನೂರಕ್ಕೆ 3ರ ಬಡ್ಡಿಗಿಂತ ಮೇಲು. ಮದುವೆ ಖರ್ಚಿಗೆ ಹೆದರುವವರು ಸುತ್ತೂರು ಜಾತ್ರೆಯ ಸಾಮೂಹಿಕ ಮದುವೆ ವಿಚಾರಿಸಿ. ಅಲ್ಲಿ ತಾಳಿ ಕಟ್ಟಿಸಿಕೊಂಡವರ ಸಂಸಾರ ಯಾರದಕ್ಕೂ ಕಡಿಮೆಯಿಲ್ಲ.

ಹೆಂಗಸರಿಗೆ ಯಾವ ವಾರ?

ಎತ್ತಿಗೆ ಸೋಮವಾರ ಇತ್ತು, ಒಲೆಗೆ ಯಾವ ವಾರವೂ ಇರಲಿಲ್ಲ. ಸಂಘದ ಕಂತು ಬಹಳ ಮನೆಗಳಲ್ಲಿ ಹೆಂಗಸರ ಹೆಸರಿನಲ್ಲಿದೆ, ಕೇಳುವವರು ಬಾಗಿಲಿಗೆ ಬಂದಾಗ ಗಂಡಸು ಹಿತ್ತಿಲ ಕಡೆ ಹೋಗುತ್ತಾನೆ. ಕಳೆ ಕೀಳುವಾಗ ಸಾಲಾಗಿ ಕುಂತು ಹಾಡು ಹೇಳುತ್ತಾ ದುಃಖ ಹಂಚಿಕೊಳ್ಳುವ ಪದ್ಧತಿ ಇತ್ತು. ಕಳೆನಾಶಕ ಬಂದ ಮೇಲೆ ಅದೂ ಕಡಿಮೆಯಾಯಿತು. 2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ತೆಗೆದ ಮೇಲೆ ಸೋಮವಾರ, ಹುಣ್ಣಿಮೆ ದಿನ ನಂಜನಗೂಡಿನ ಬಸ್ಸುಗಳಲ್ಲಿ ನಿಲ್ಲಲು ಜಾಗ ಇಲ್ಲ. ಕೆಲವರು ಇದನ್ನು ಆಡಿಕೊಂಡು ನಗುತ್ತಾರೆ. ನಗುವಂಥದ್ದು ಏನೂ ಇಲ್ಲ. ವರ್ಷವಿಡೀ ಅಟ್ಟಿ ಬಿಟ್ಟು ಕದಲದ ಹೆಂಗಸು ನಾಲ್ಕು ಗಂಟೆ ಹೊಳೆದಂಡೆಯಲ್ಲಿ ಕುಂತು ಬಂದರೆ ಇಡೀ ಮನೆ ಹಗುರಾಗುತ್ತದೆ. ಆ ಹೊತ್ತಿನ ಮುದ್ದೆಯನ್ನು ಗಂಡಸರು ತೊಳೆಸಿದರೆ ಸೋಮವಾರಕ್ಕೆ ಅರ್ಥ.

ರಾತ್ರಿಯ ಯೋಚನೆ

ಚಿಂತೆ ಹಗಲಿಗಿಂತ ರಾತ್ರಿ ದೊಡ್ಡದಾಗಿ ಕಾಣುತ್ತದೆ. ಎರಡು ಮೂರು ಗಂಟೆಗೆ ಎಚ್ಚರವಾಗಿ, ಹತ್ತು ಸಾವಿರದ ಬಾಕಿ ಹತ್ತು ಲಕ್ಷದಂತೆ ಹೆದರಿಸುತ್ತದೆ. ಆ ಹೊತ್ತಲ್ಲಿ ಯಾವ ತೀರ್ಮಾನವನ್ನೂ ಮಾಡಬಾರದು. ಎದ್ದು ನೀರು ಕುಡಿದು, ದನದ ಕೊಟ್ಟಿಗೆಗೆ ಹೋಗಿ ಒಂದು ಹಿಡಿ ಹುಲ್ಲು ಹಾಕಿ ಬನ್ನಿ. 'ಬೆಳಗ್ಗೆ ನೋಡ್ಕೊಳ್ಳುವಾ' ಎಂದು ಬಾಯಿಬಿಟ್ಟು ಹೇಳಿಕೊಂಡರೂ ಸರಿ. ಲೆಕ್ಕ ಹಾಕಲು ಸಂಜೆ ಅರ್ಧ ಗಂಟೆ ಗೊತ್ತು ಮಾಡಿಕೊಂಡರೆ ಹಾಸಿಗೆಗೆ ಬರುವುದು ಎಷ್ಟೋ ಕಡಿಮೆಯಾಗುತ್ತದೆ.

ನಿದ್ದೆ ಬರಲೆಂದು ಕುಡಿಯುವವರಿದ್ದಾರೆ. ಕುಡಿದಾಗ ಬರುವ ನಿದ್ದೆ ನಡುರಾತ್ರಿಗೇ ಹರಿದುಹೋಗುತ್ತದೆ, ಬೆಳಗ್ಗೆ ಚಿಂತೆಯ ಜೊತೆ ಅಂಗಡಿ ಬಾಕಿಯೂ ಸೇರಿರುತ್ತದೆ. ಅದರ ಬದಲು ಸಂಜೆ ಗುದ್ದಲಿ ಹಿಡಿದು ಬೆವರು ಬರುವವರೆಗೆ ಗುಂಡಿ ತೋಡಿದರೆ ಮೈಯೇ ನಿದ್ದೆ ಕೇಳುತ್ತದೆ.

ಅಷ್ಟಕ್ಕೂ ಇಳಿಯದಿದ್ದರೆ

ಕೆಲವರ ಚಿಂತೆ ಇದ್ಯಾವುದಕ್ಕೂ ಬಗ್ಗುವುದಿಲ್ಲ. 2 ವಾರ ಕಳೆದರೂ ನಿದ್ದೆ ಇಲ್ಲ, ಊಟ ಸೇರದು, ಕಟ್ಟೆಗೆ ಬರುವುದು ನಿಲ್ಲಿಸಿದ್ದಾರೆ, ಹೊಲದ ಕಡೆ ತಿರುಗಿ ನೋಡುವುದಿಲ್ಲ, 'ನಾನಿದ್ದು ಏನಾಗಬೇಕು' ಎಂಬ ಮಾತು ಬರುತ್ತಿದೆ ಎಂದರೆ ಅದು ಕಾಯಿಲೆ. ಜ್ವರದ ಹಾಗೆ ಅದಕ್ಕೂ ಔಷಧಿ ಉಂಟು. ತಾಲ್ಲೂಕು ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರು ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ ಕರೆದುಕೊಂಡು ಹೋಗಿ. ಹೋಗಿಬನ್ನಿ ಎಂದರೆ ಅವರು ಹೋಗುವುದಿಲ್ಲ, ಜೊತೆಗೆ ಹೋಗಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಟೆಲಿ ಮಾನಸ್ ಎಂಬ ಫೋನ್ ಸೇವೆ ಇದೆ. ನಂಬರು 14416. ಹಗಲು ರಾತ್ರಿ ಯಾವಾಗ ಮಾಡಿದರೂ ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಈ ನಂಬರನ್ನು ಹಾಲಿನ ಡೇರಿ ಗೋಡೆ ಮೇಲೆ ಬರೆಸಿದರೆ ಎಲ್ಲರ ಕಣ್ಣಿಗೂ ಬೀಳುತ್ತದೆ.

'ಆ ಥರಾ ಮಾತು ಆಡಿದ್ರೆ ಕೇಳಬ್ಯಾಡಿ, ಕೇಳಿದ್ರೆ ನೆಪ್ಪು ಮಾಡಿದಂಗಾಯ್ತದೆ' ಎಂದು ಕೆಲವರು ಹೇಳುತ್ತಾರೆ. ಹಾಗಿಲ್ಲ. 'ಅಣ್ಣ, ಜೀವದ ಮೇಲೆ ಬೇಜಾರಾಗಿದ್ದೀಯಾ?' ಎಂದು ನೇರ ಕೇಳಿದರೆ ಎದುರಿನವರಿಗೆ ಬಾಯಿ ಬಿಡಲು ದಾರಿಯಾಗುತ್ತದೆ. ಪೊಲೀಸ್ ಕೇಸಿನ ಹೆದರಿಕೆಯಿಂದ ಆಸ್ಪತ್ರೆಗೆ ಹೋಗದೆ ಮುಚ್ಚಿಡುವವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಹಾಗೆ ಬದುಕುಳಿದವರನ್ನು ಸಂಕಟದಲ್ಲಿದ್ದವರು ಎಂದು ನೋಡಿ ಆರೈಕೆ ಮಾಡಬೇಕು ಎಂದಿದೆ.

ಇನ್ನೊಂದು ಮಾತು ಎಲ್ಲ ಮನೆಗೂ. ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯೊಳಗೆ ಇಡಬೇಡಿ. ಬೇಕಾದಷ್ಟೇ ತನ್ನಿ, ಉಳಿದದ್ದನ್ನು ಬೀಗದ ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನು ಇನ್ನೊಬ್ಬರ ಹತ್ತಿರ ಕೊಡಿ. ಕೆಟ್ಟ ಗಳಿಗೆ ಬಹಳ ಹೊತ್ತು ಇರುವುದಿಲ್ಲ. ಆ ಗಳಿಗೆಯಲ್ಲಿ ಕೈಗೆ ಸಿಕ್ಕದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ 1995ರ ಹೊತ್ತಿಗೆ ಅತಿ ಘೋರ ಔಷಧಿಗಳನ್ನು, 1998ರಲ್ಲಿ ಎಂಡೋಸಲ್ಫಾನನ್ನು ನಿಲ್ಲಿಸಿದರು. ಮುಂದಿನ ಹತ್ತು ವರ್ಷದಲ್ಲಿ ಅಲ್ಲಿ ಇಂಥ ಸಾವು ಅರ್ಧಕ್ಕೆ ಇಳಿಯಿತು. ನಂಜನ್ನು ಗಂಟಲಲ್ಲಿ ತಡೆಯುವ ಶಕ್ತಿ ನಂಜುಂಡನಿಗೆ ಮಾತ್ರ. ನಮಗೆ ಬೀಗವೇ ಗತಿ.

ಸೋಮವಾರ ಮತ್ತೆ ತರೋಣ

ಎತ್ತು ವಾಪಸು ಬರುತ್ತದೋ ಇಲ್ಲವೋ, ಸೋಮವಾರವನ್ನು ವಾಪಸು ತರಬಹುದು. ಪೂರ್ತಿ ದಿನ ಆಗದಿದ್ದರೆ ಮಧ್ಯಾಹ್ನದ ಮೇಲಾದರೂ ಸರಿ. ಊರಿನ ಎಂಟು ಹತ್ತು ಜನ ಒಂದು ಕಟ್ಟು ಮಾಡಿಕೊಳ್ಳುವುದು: ಅವತ್ತು ಹೊಲಕ್ಕೆ ಗಾಡಿ ಕರೆಸುವುದಿಲ್ಲ, ಸಾಲ ಕೇಳುವುದಿಲ್ಲ, ಮೊಬೈಲನ್ನು ಮನೆಯಲ್ಲೇ ಬಿಟ್ಟು ಕಟ್ಟೆಗೆ ಬರುವುದು. ಬಾರದವರ ಮನೆಗೆ ಒಬ್ಬರು ಹೋಗಿ 'ಯಾಕಣ್ಣ ಬರನಿಲ್ಲ' ಎಂದು ಕೇಳಿ ಬರುವುದು. ಈ ಕೊನೆಯದು ಮುಖ್ಯ. ಕಟ್ಟೆಗೆ ಬಂದವನ ಚಿಂತೆ ಮಾತಿನಲ್ಲಿ ಇಳಿಯುತ್ತದೆ, ಬಾರದವನದೇ ನಾವು ನೋಡಬೇಕಾದ್ದು.

ಮಂಗಳವಾರ ಬೆಳಗ್ಗೆ ಹೊರೆ ಮತ್ತೆ ಹೊರಬೇಕು, ಅದನ್ನು ತಪ್ಪಿಸಲಾಗದು. ಒಂದು ದಿನ ಹೆಗಲು ಆರಿದ ಎತ್ತು ಮಂಗಳವಾರ ಹೇಗೆ ಎಳೆಯುತ್ತಿತ್ತು ಎಂಬುದು ಉತ್ತವರಿಗೆಲ್ಲ ಗೊತ್ತು. ನಿಮ್ಮ ಊರುಗಳಲ್ಲಿ ಯಾವ ವಾರ, ಯಾವ ಕಟ್ಟುಪಾಡು ಇತ್ತು, ಈಗ ಏನು ಉಳಿದಿದೆ ಎಂಬುದನ್ನು ಪತ್ರಿಕೆಗೆ ಬರೆಯಿರಿ. ಒಬ್ಬರ ಊರಿನ ಕಟ್ಟು ಇನ್ನೊಬ್ಬರ ಊರಿಗೆ ಬೀಜವಾದೀತು.